ಹೊಸ ಕೆಫೆ, ಏಷ್ಯನ್ ರೆಸ್ಟೋರೆಂಟುಗಳ ಮೆನು ಓದುವ ಬಗೆ: ಶಿವಮೊಗ್ಗದ ಊಟಗಾರರಿಗೆ

ಶಿವಮೊಗ್ಗದ ಸವಳಂಗ ರಸ್ತೆ, ಕುವೆಂಪು ರಸ್ತೆ, ವಿನೋಬನಗರಗಳ ಕಡೆ ಸಂಜೆ ಹೊತ್ತು ಓಡಾಡುವವರಿಗೆ ಈಚಿನ ವರ್ಷಗಳಲ್ಲಿ ಊಟದ ಜಾಗಗಳ ಬಗೆ ಬದಲಾಗುತ್ತಿರುವುದು ಕಾಣುತ್ತದೆ. ದರ್ಶಿನಿ, ಖಾನಾವಳಿ, ಮಿಲಿಟರಿ ಹೋಟೆಲುಗಳ ನಡುವೆ ಕೆಫೆಗಳು ತಲೆಯೆತ್ತಿವೆ. ಮೊಮೊ, ರಾಮೆನ್, ಥಾಯ್ ಕರಿ ಎಂಬ ಹೆಸರುಗಳು ಬೋರ್ಡುಗಳ ಮೇಲೆ ಬಂದಿವೆ. ಬೆಂಗಳೂರಿನಿಂದ ಹಬ್ಬಕ್ಕೆಂದು ಊರಿಗೆ ಬಂದ ಮಕ್ಕಳು ಮನೆಯ ಹಿರಿಯರನ್ನು ಇಂಥ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಮೆನು ಕೈಗೆ ಬಂದ ಕೂಡಲೇ ತೊಡಕು ಶುರುವಾಗುತ್ತದೆ. ನೂರಕ್ಕೂ ಹೆಚ್ಚು ಹೆಸರುಗಳಿರುತ್ತವೆ, ಅವುಗಳಲ್ಲಿ ಮುಕ್ಕಾಲು ಪಾಲು ಕೇಳಿಯೇ ಇರುವುದಿಲ್ಲ, ಬೆಲೆ ನೋಡಿದರೆ ಪರೀಕ್ಷೆ ಮಾಡಿ ನೋಡೋಣ ಎನ್ನುವ ಧೈರ್ಯವೂ ಬರುವುದಿಲ್ಲ. ಕೊನೆಗೆ ಎಲ್ಲರೂ ಗೋಬಿ ಮಂಚೂರಿ, ಫ್ರೈಡ್ ರೈಸ್ ಹೇಳಿ ಎದ್ದು ಬರುತ್ತಾರೆ.

ಈ ತೊಡಕಿಗೆ ಮುಖ್ಯ ಕಾರಣ, ಏಷ್ಯನ್ ಎಂಬ ಒಂದೇ ತಲೆಬರಹದ ಕೆಳಗೆ ಪರಸ್ಪರ ಸಂಬಂಧವೇ ಇಲ್ಲದ ಐದಾರು ಅಡುಗೆಮನೆಗಳನ್ನು ಒಟ್ಟಿಗೆ ತಂದಿರುವುದು. ಪ್ರತಿಯೊಂದು ಅಡುಗೆಗೂ ಅದರದೇ ಆದ ಒಂದು ತಳಹದಿ ಇದೆ. ಕೆಲವು ಸೋಯಾ ಸಾಸಿನ ಮೇಲೆ ನಿಲ್ಲುತ್ತವೆ, ಕೆಲವು ತೆಂಗಿನ ಹಾಲಿನ ಮೇಲೆ, ಇನ್ನು ಕೆಲವು ಮೀನು ಅಥವಾ ಮೂಳೆ ಕುದಿಸಿದ ತಿಳಿಸಾರಿನ ಮೇಲೆ. ಆ ತಳಹದಿ ಯಾವುದೆಂದು ತಿಳಿದರೆ ಏನನ್ನು ತರಿಸಬೇಕು, ಏನನ್ನು ಕೇಳಬೇಕು, ಬಂದದ್ದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಗೆ ಅಳೆಯಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಹುಳಿ, ಹಬೆಯಲ್ಲಿ ಬೆಂದ ಅಕ್ಕಿ, ಕಳಲೆ, ಉಪ್ಪುನೀರಿನಲ್ಲಿಟ್ಟ ಕಾಯಿಗಳನ್ನು ಉಂಡು ಬೆಳೆದ ಮಲೆನಾಡಿನ ನಾಲಿಗೆಗೆ ಈ ಅಳತೆ ಕಷ್ಟವೇನಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಎಲ್ಲರಿಗೂ ಗೊತ್ತಿರುವ ಗೋಬಿ ಮಂಚೂರಿಯಿಂದಲೇ ಹೊರಡೋಣ. ನಾವು ಚೈನೀಸ್ ಎಂದು ಕರೆಯುವ ಅಡುಗೆ ಹುಟ್ಟಿದ್ದು ಕೋಲ್ಕತ್ತದಲ್ಲಿ. 18ನೇ ಶತಮಾನದ ಕೊನೆಯಿಂದ ಚೀನೀಯರು ಆ ನಗರದ ಸುತ್ತಮುತ್ತ ನೆಲೆಸತೊಡಗಿದರು. ಅವರಲ್ಲಿ ಹಕ್ಕಾ ಸಮುದಾಯದವರು ಟಂಗ್ರಾ ಎಂಬ ಬಡಾವಣೆಯಲ್ಲಿ ಚರ್ಮ ಹದಮಾಡುವ ಉದ್ಯೋಗವನ್ನೂ, ಮುಂದೆ ಹೋಟೆಲುಗಳನ್ನೂ ನಡೆಸಿದರು. ಊರಿನ ಗಿರಾಕಿಗಳ ರುಚಿಗೆ ತಕ್ಕಂತೆ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಗಳನ್ನು ಧಾರಾಳವಾಗಿ ಸೇರಿಸಿ, ಸೋಯಾ ಸಾಸ್ ಹಾಕಿ, ಕಾರ್ನ್‌ಫ್ಲೋರಿನಿಂದ ಗೊಜ್ಜಿನಂತೆ ಮಂದ ಮಾಡುವ ಪದ್ಧತಿ ಹೀಗೆ ಬೆಳೆಯಿತು. ಕೋಲ್ಕತ್ತದಲ್ಲಿಯೇ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಸಾಮಾನ್ಯವಾಗಿ ಹೇಳಿಕೊಂಡು ಬಂದಿರುವ ವಿವರ. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ಕರ್ನಾಟಕದ ಪ್ರತಿ ತಾಲ್ಲೂಕು ಕೇಂದ್ರದ ತಳ್ಳುಗಾಡಿಗೂ ತಲುಪಿತು. ಇದು ಭಾರತದ್ದೇ ಅಡುಗೆ. ಆದ್ದರಿಂದ ಚೀನಾದ ಅಡುಗೆಯೊಂದಿಗೆ ಹೋಲಿಸಿ ಇದನ್ನು ಕೀಳೆಂದು ಭಾವಿಸುವ ಅಗತ್ಯವಿಲ್ಲ.

ಇದನ್ನು ಅಳೆಯುವ ಬಗೆ ಸುಲಭ. ಹೂಕೋಸನ್ನು ಎರಡು ಸಲ ಕರಿದಿದ್ದರೆ, ಅಂದರೆ ಮೊದಲು ಹದವಾದ ಎಣ್ಣೆಯಲ್ಲಿ ಬೇಯುವಷ್ಟು, ಆಮೇಲೆ ಹೆಚ್ಚು ಕಾದ ಎಣ್ಣೆಯಲ್ಲಿ ಗರಿಗರಿಯಾಗುವಷ್ಟು ಕರಿದಿದ್ದರೆ, ಸಾಸಿನಲ್ಲಿ ಹೊರಳಿಸಿದ ನಂತರವೂ ಹೊರಪದರ ಕೆಲವು ನಿಮಿಷ ಗಟ್ಟಿಯಾಗಿಯೇ ಇರುತ್ತದೆ. ತಟ್ಟೆ ಮೇಜಿಗೆ ಬರುವ ಮೊದಲೇ ಪದರ ಮೆತ್ತಗಾಗಿ ಹೂಕೋಸಿನಿಂದ ಕಳಚಿಕೊಂಡಿದ್ದರೆ, ಬೆಳಿಗ್ಗೆ ಕರಿದಿಟ್ಟದ್ದನ್ನು ಬಿಸಿ ಮಾಡಿರುವ ಸಾಧ್ಯತೆ ಹೆಚ್ಚು. ಬಣ್ಣವನ್ನೂ ಗಮನಿಸಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆಗ ಪರೀಕ್ಷೆಗೆ ಒಳಪಡಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್ ಎಂಬ ಬಣ್ಣಗಳು ಅವುಗಳಲ್ಲಿದ್ದವು. ಅದೇ ವರ್ಷದ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ವಿಸ್ತರಿಸಿತು. ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಕೊಡುವಂಥದ್ದು. ಅದನ್ನು ನೆನೆಸಿ ರುಬ್ಬಿ ಹಾಕಿದರೆ ಬರುವ ಕೆಂಪು ತುಸು ಕಂದು ಛಾಯೆಯದು, ಬೆರಳಿಗೆ ಹತ್ತಿದರೂ ತೊಳೆದರೆ ಹೋಗುತ್ತದೆ. ಕಣ್ಣು ಕುಕ್ಕುವ ಕೆಂಪು ಕಂಡಲ್ಲಿ ಕೇಳಲು ಸಂಕೋಚ ಬೇಡ.

ಹೊಸ ರೆಸ್ಟೋರೆಂಟಿಗೆ ಹೋದವರು ಸಾಮಾನ್ಯವಾಗಿ ಕೇಳುವ ಇನ್ನೊಂದು ಪ್ರಶ್ನೆ ಟೇಸ್ಟಿಂಗ್ ಪೌಡರಿನದು. ಅಜಿನೊಮೊಟೊ ಎಂಬ ಕಂಪನಿಯ ಹೆಸರಿನಿಂದಲೇ ನಮ್ಮಲ್ಲಿ ಪರಿಚಿತವಾಗಿರುವ ಈ ಪುಡಿ ಮೊನೊಸೋಡಿಯಂ ಗ್ಲುಟಮೇಟ್. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ, ಕೊಂಬು ಎಂಬ ಸಮುದ್ರಪಾಚಿಯ ಸಾರಿಗೆ ಬರುವ ವಿಶೇಷ ರುಚಿಗೆ ಗ್ಲುಟಮೇಟ್ ಕಾರಣವೆಂದು ಗುರುತಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಟೊಮೆಟೊ ಹಣ್ಣು, ಒಣಗಿದ ಅಣಬೆ, ಸೋಯಾ ಸಾಸ್, ಚೀಸುಗಳಲ್ಲಿ ಗ್ಲುಟಮೇಟ್ ಸಹಜವಾಗಿಯೇ ಇದೆ. ಇದರಿಂದ ತಲೆನೋವು ಬರುತ್ತದೆ ಎಂಬ ಮಾತು ವ್ಯಾಪಕವಾಗಿದ್ದರೂ, ಊಟದಲ್ಲಿ ಬಳಸುವ ಪ್ರಮಾಣಕ್ಕೆ ಸಂಬಂಧಿಸಿದಂತೆ ನಿಯಂತ್ರಿತ ಪ್ರಯೋಗಗಳಲ್ಲಿ ಅದು ಸ್ಥಿರವಾಗಿ ಸಾಬೀತಾಗಿಲ್ಲ. ನನ್ನ ತಕರಾರು ಆರೋಗ್ಯದ ದೃಷ್ಟಿಯಿಂದ ಅಲ್ಲ. ತರಕಾರಿ, ಮೂಳೆ, ಅಣಬೆಗಳನ್ನು ಹೊತ್ತು ಕೊಟ್ಟು ಕುದಿಸಿ ರುಚಿ ತೆಗೆಯಬೇಕಾದ ಸೂಪಿಗೆ ಬಿಸಿನೀರು, ಪುಡಿ ಮತ್ತು ಕಾರ್ನ್‌ಫ್ಲೋರ್ ಮಾತ್ರ ಹಾಕಿದರೆ ಗಿರಾಕಿ ಕೊಟ್ಟ ದುಡ್ಡಿಗೆ ಅಡುಗೆಯೇ ಸಿಗಲಿಲ್ಲ ಎಂಬುದು ನನ್ನ ತಕರಾರು.

ಫ್ರೈಡ್ ರೈಸಿನ ವಿಷಯದಲ್ಲಿ ತಿಳಿಯಬೇಕಾದ್ದು ಅನ್ನದ ಸ್ವಭಾವ. ಆಗತಾನೇ ಬೆಂದ ಅನ್ನದಲ್ಲಿ ಪಿಷ್ಟ ನೀರು ಹೀರಿ ಅಂಟಾಗಿರುತ್ತದೆ. ತಣಿದಂತೆ ಆ ಪಿಷ್ಟ ಮತ್ತೆ ಗಟ್ಟಿಗೊಂಡು ಅಗುಳು ಬಿಡಿಬಿಡಿಯಾಗುತ್ತದೆ. ತಂಗಳನ್ನದಿಂದ ಚಿತ್ರಾನ್ನ ಕಲೆಸುವ ಮನೆಗಳಲ್ಲಿ ಇದು ಯಾರೂ ಹೇಳಿಕೊಡದೆ ಗೊತ್ತಿರುವ ಸಂಗತಿ. ತಣಿದ ಅನ್ನವನ್ನು ಹೊಗೆಯಾಡುವಷ್ಟು ಕಾದ ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ನಿಲ್ಲಿಸದೆ ಎಸೆದು ಹುರಿದಾಗ ಬರುವ ತೆಳುವಾದ ಸುಟ್ಟ ಪರಿಮಳವೇ ಒಳ್ಳೆಯ ಫ್ರೈಡ್ ರೈಸಿನ ಗುರುತು. ಮನೆಯ ಗ್ಯಾಸ್ ಒಲೆಯಲ್ಲಿ ಅಷ್ಟು ಉರಿ ಸಿಗುವುದಿಲ್ಲ, ಆದ್ದರಿಂದ ಇದನ್ನು ಹೊರಗೆ ತಿನ್ನುವುದಕ್ಕೆ ನಿಜವಾದ ಅರ್ಥವಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಕುದಿದರೂ ಸಾಯುವುದಿಲ್ಲ. ಬೆಂದ ಅನ್ನ ಅಡುಗೆಮನೆಯ ಬೆಚ್ಚನೆಯ ಹವೆಯಲ್ಲಿ ಗಂಟೆಗಟ್ಟಲೆ ಉಳಿದರೆ ಅವು ಬೆಳೆದು ವಾಂತಿ ತರುವ ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಅನ್ನವನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿಡುವ ಅಡುಗೆಮನೆಯಲ್ಲಿ ಈ ಭಯವಿಲ್ಲ. ಬಾಯಿಗಿಟ್ಟಾಗ ಹುಳಿ ವಾಸನೆಯೋ ಲೋಳೆಯೋ ಅನುಭವಕ್ಕೆ ಬಂದರೆ ತಟ್ಟೆಯನ್ನು ಅಲ್ಲಿಗೇ ಬಿಡುವುದು ಸರಿ; ಏನೂ ಅನುಭವಕ್ಕೆ ಬರದಿದ್ದರೂ ವಿಷ ಇರಬಹುದು ಎಂಬ ಕಾರಣಕ್ಕೆ, ಜನಸಂಚಾರ ಇರುವ, ಅನ್ನ ಬೇಗ ಖರ್ಚಾಗುವ ಜಾಗ ಆರಿಸಿಕೊಳ್ಳುವುದು ಇನ್ನೂ ಸರಿ.

ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಕಡುಬಿನಂಥ ಮೊಮೊ ಮತ್ತು ನೂಡಲ್ಸ್ ಹಾಕಿದ ಸಾರು ತುಕ್ಪಾಗಳ ಮೂಲ ಟಿಬೆಟ್ ಹಾಗೂ ನೇಪಾಳ. ಅವುಗಳ ಅಸಲು ರುಚಿ ಹುಡುಕಿಕೊಂಡು ಶಿವಮೊಗ್ಗದವರು ಹಿಮಾಲಯದವರೆಗೆ ಹೋಗಬೇಕಾಗಿಲ್ಲ. 1960ರ ದಶಕದಲ್ಲಿ ಅಂದಿನ ಮೈಸೂರು ರಾಜ್ಯ ಟಿಬೆಟನ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ, ಆಮೇಲೆ ಉತ್ತರ ಕನ್ನಡದ ಮುಂಡಗೋಡದಲ್ಲಿ ನೆಲೆ ಕೊಟ್ಟಿತು. ಮುಂಡಗೋಡದಲ್ಲಿ ಗಾಂದೆನ್, ದ್ರೆಪುಂಗ್ ವಿಹಾರಗಳಿವೆ, ಅವುಗಳ ಆಸುಪಾಸಿನ ಸಣ್ಣ ಹೋಟೆಲುಗಳಲ್ಲಿ ತುಕ್ಪಾ ದಿನನಿತ್ಯದ ಊಟ. ಶಿರಸಿಯ ಕಡೆ ಹೋಗುವವರು ಅಲ್ಲಿ ಒಮ್ಮೆ ಉಂಡು ಬಂದರೆ ಊರಿನ ಮೊಮೊವನ್ನು ಹೋಲಿಸಿ ನೋಡಲು ಒಂದು ಅಳತೆ ಸಿಗುತ್ತದೆ. ಒಳ್ಳೆಯ ಮೊಮೊದ ಸಿಪ್ಪೆ ಮಧ್ಯದಲ್ಲಿ ತುಸು ದಪ್ಪ, ಅಂಚಿನಲ್ಲಿ ತೆಳು. ಅಂಚನ್ನು ನೆರಿಗೆ ಹಿಡಿದು ಮೇಲೆ ಒಟ್ಟು ಮಾಡುವಾಗ ಆ ತೆಳು ಅಂಚುಗಳು ಸೇರಿ ದಪ್ಪವಾಗುವುದರಿಂದ ಅಂಚು ಮೊದಲೇ ತೆಳುವಾಗಿರಬೇಕು. ಇಲ್ಲದಿದ್ದರೆ ತುದಿಯಲ್ಲಿ ಬೇಯದ ಹಿಟ್ಟಿನ ಗಂಟು ಉಳಿಯುತ್ತದೆ. ಕಚ್ಚಿದಾಗ ಒಳಗಿನಿಂದ ರಸ ಬರಬೇಕು. ಕಾರ್ಖಾನೆಯಲ್ಲಿ ಮಾಡಿ ಹೆಪ್ಪುಗಟ್ಟಿಸಿ ಕಳಿಸಿದ ಮೊಮೊಗಳ ನೆರಿಗೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಮವಾಗಿರುತ್ತವೆ, ಒಳಗೆ ರಸ ಇರುವುದಿಲ್ಲ. ಜೊತೆಗೆ ಕೊಡುವ ಕೆಂಪು ಚಟ್ನಿ ಟೊಮೆಟೊ, ಒಣಮೆಣಸಿನದು. ಮೇಯನೇಸ್ ನಮ್ಮ ನಗರಗಳು ಸೇರಿಸಿದ್ದು. ಹಸಿ ಮೊಟ್ಟೆಯಿಂದ ಮಾಡಿದ ಮೇಯನೇಸಿನಲ್ಲಿ ಸಾಲ್ಮೊನೆಲ್ಲಾ ಅಪಾಯ ಇರುವುದರಿಂದ ತೆಲಂಗಾಣ 2024ರಲ್ಲಿ ಅದನ್ನು ನಿಷೇಧಿಸಿತು. ಇಲ್ಲಿಯೂ ಮೊಟ್ಟೆಯಿಲ್ಲದ್ದೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮಲೆನಾಡಿನವರಿಗೆ ಅತ್ಯಂತ ಹತ್ತಿರವಾಗಬಲ್ಲ ಅಡುಗೆ ಥಾಯ್ ಎಂದು ನಾನು ಹೇಳುತ್ತೇನೆ. ತೆಂಗಿನ ಹಾಲು, ಹಸಿಮೆಣಸು, ಹುಣಸೆ, ಬೆಲ್ಲದಂಥ ತಾಳೆ ಸಕ್ಕರೆ, ಅಕ್ಕಿಯ ಶ್ಯಾವಿಗೆ ಎಲ್ಲವೂ ನಮಗೆ ಗೊತ್ತು. ಕಷಾಯಕ್ಕೆ ಹಾಕುವ ಮಜ್ಜಿಗೆ ಹುಲ್ಲನ್ನೇ ಅವರು ಕರಿಯ ಮಸಾಲೆಗೆ ಅರೆಯುತ್ತಾರೆ. ಅದರ ಜೊತೆ ಗಲಂಗಲ್ ಎಂಬ ಶುಂಠಿಯ ಜಾತಿಯ ಬೇರು, ಮಕ್ರುಟ್ ಎಂಬ ನಿಂಬೆಯ ಎಲೆ ಸೇರುತ್ತವೆ. ಇವೆರಡೇ ನಮ್ಮ ಮೂಗಿಗೆ ಹೊಸವು. ಹಸಿರು ಕರಿಗೆ ಹಸಿಮೆಣಸು, ಕೆಂಪು ಕರಿಗೆ ಒಣಮೆಣಸು, ಮಸ್ಸಮನ್ ಕರಿಗೆ ಏಲಕ್ಕಿ, ಚಕ್ಕೆ, ಲವಂಗಗಳಂಥ ಗರಂ ಮಸಾಲೆ ಎಂದು ನೆನಪಿಟ್ಟುಕೊಂಡರೆ ಮೆನುವಿನ ಆ ಪುಟ ಅರ್ಥವಾದಂತೆಯೇ. ಖಾರಕ್ಕೆ ಹೆದರುವ ಹಿರಿಯರಿಗೆ ಮಸ್ಸಮನ್ ಹಿಡಿಸುತ್ತದೆ. ಅಡುಗೆ ಬಲ್ಲವರು ಮಾಡಿದ್ದರೆ, ತೆಂಗಿನ ಹಾಲಿನ ಕೆನೆಭಾಗದಲ್ಲಿ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿದಿರುತ್ತಾರೆ, ಬಟ್ಟಲಿನ ಮೇಲೆ ಸಣ್ಣ ಸಣ್ಣ ಎಣ್ಣೆಯ ಕಣ್ಣುಗಳು ಕಾಣುತ್ತವೆ. ಮಸಾಲೆ ಹಸಿ ಹಸಿಯಾಗಿದ್ದು ಹಾಲು ಮಾತ್ರ ದಪ್ಪಗಿದ್ದರೆ ಡಬ್ಬಿಯ ಮಸಾಲೆಯನ್ನು ಹಾಗೆಯೇ ಕದಡಿದ್ದಾರೆ ಎಂದರ್ಥ.

ಇದೇ ಥಾಯ್ ಕರಿಯಲ್ಲಿ ಸಸ್ಯಾಹಾರಿಗಳು ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ಸಾಂಪ್ರದಾಯಿಕ ಥಾಯ್ ಮಸಾಲೆಯಲ್ಲಿ ಹುದುಗಿಸಿದ ಸಿಗಡಿಯ ಅರೆಪು ಇರುತ್ತದೆ, ಉಪ್ಪಿನ ಬದಲಿಗೆ ಮೀನಿನ ಸಾಸ್ ಹಾಕುತ್ತಾರೆ. ತರಕಾರಿ, ಸೋಯಾ ಹಾಲಿನ ಪನೀರಿನಂಥ ತೋಫು ಹಾಕಿದ ಮಾತ್ರಕ್ಕೆ ಅದು ಸಸ್ಯಾಹಾರವಾಗುವುದಿಲ್ಲ. ಚೀನೀ ಅಡುಗೆಯ ಆಯ್‌ಸ್ಟರ್ ಸಾಸಿನಲ್ಲಿ ಸಿಂಪಿಯ ಸಾರ ಇರುತ್ತದೆ. ಹುದುಗಿಸಿದ ಸೋಯಾ ಅರೆಪು ಕದಡಿ ಮಾಡುವ ಜಪಾನಿನ ಮಿಸೊ ಸೂಪಿನ ತಳದ ತಿಳಿಸಾರು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಎಸಳುಗಳಿಂದ ಆದದ್ದು. ಎಲೆಕೋಸನ್ನು ಉಪ್ಪು, ಖಾರ ಹಾಕಿ ಹುದುಗಿಸುವ ಕೊರಿಯಾದ ಕಿಮ್ಚಿಗೂ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸಿಗಡಿ ಬೀಳುತ್ತದೆ. ಇವೆಲ್ಲಕ್ಕೂ ಸಸ್ಯಾಹಾರಿ ಬದಲಿಗಳು ಇವೆ, ಎಚ್ಚರವಿರುವ ರೆಸ್ಟೋರೆಂಟುಗಳು ಅವನ್ನೇ ತರಿಸುತ್ತವೆ. ಆದರೆ ಇದು ವೆಜ್ಜಾ ಎಂದು ಸಪ್ಲೈಯರನ್ನು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಅವರು ಕಣ್ಣಿಗೆ ಕಾಣುವ ತುಂಡುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರುತ್ತಾರೆ. “ಅಣ್ಣಾ, ಈ ಮಸಾಲೆ ನೀವೇ ಅರೆಯೋದಾ, ಡಬ್ಬೀದಾ? ಡಬ್ಬೀದಾದ್ರೆ ಒಂದ್ಸಲ ತೋರಿಸ್ತೀರಾ?” ಎಂದು ಕೇಳುವುದು ಹೆಚ್ಚು ಫಲಕಾರಿ. ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಇದ್ದೇ ಇರುತ್ತದೆ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿಯೂ ಇರುತ್ತದೆ ಎಂಬುದನ್ನು ಗೋಧಿ ಒಗ್ಗದವರು ನೆನಪಿಡಬೇಕು.

ಹುಳಿ ಕಲೆಸಿದ ಅನ್ನದ ಜೊತೆ ಮೀನೋ ತರಕಾರಿಯೋ ಇಟ್ಟು ಮಾಡುವ ಜಪಾನಿನ ಸುಶಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತ: ನಮ್ಮ ಊರಿನಲ್ಲಿ ಹಸಿ ಮೀನಿನ ಸುಶಿ ಬೇಡ. ಹಸಿಯಾಗಿ ತಿನ್ನುವ ಮೀನಿನ ಪರಾವಲಂಬಿ ಹುಳುಗಳು ಸಾಯಬೇಕಾದರೆ ಅದನ್ನು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪಿನಲ್ಲಿ 7 ದಿನ ಇಡಬೇಕು, ಅಲ್ಲಿಂದ ತಟ್ಟೆಯವರೆಗೆ ಆ ಸರಪಳಿ ಕಡಿಯಬಾರದು. ಮಲ್ಪೆ, ಭಟ್ಕಳಗಳಿಂದ ಮಂಜುಗಡ್ಡೆಯಲ್ಲಿ ಘಾಟಿ ಹತ್ತಿ ಬರುವ ಮೀನು ಸಾರಿಗೂ ಹುರಿಯುವುದಕ್ಕೂ ಬಹಳ ಒಳ್ಳೆಯದು, ಹಸಿಯಾಗಿ ತಿನ್ನಲು ಅಲ್ಲ. ಸೌತೆಕಾಯಿ, ಬೆಣ್ಣೆಹಣ್ಣು, ಬೇಯಿಸಿದ ಸಿಗಡಿಯ ಸುಶಿಯಲ್ಲಿ ಈ ಚಿಂತೆಯಿಲ್ಲ. ಅಲ್ಲಿ ನೋಡಬೇಕಾದದ್ದು ಅನ್ನವನ್ನು. ಗಿಡ್ಡ ಅಗುಳಿನ ಅಂಟು ಅಕ್ಕಿಗೆ ವಿನಿಗರ್, ಸಕ್ಕರೆ, ಉಪ್ಪು ಕಲೆಸಿರುತ್ತಾರೆ. ಅದು ಮೈಬಿಸಿಯಷ್ಟು ಬೆಚ್ಚಗಿರಬೇಕು. ಫ್ರಿಜ್ಜಿನಿಂದ ನೇರವಾಗಿ ಬಂದ ಅಗುಳು ಗಟ್ಟಿಯಾಗಿ ಹಲ್ಲಿಗೆ ತಾಗುತ್ತದೆ.

ಕಿಮ್ಚಿಯ ವಿಷಯ ಮಾತ್ರ ಸ್ವಲ್ಪ ನಿಂತು ಹೇಳುವಂಥದ್ದು. ಉಪ್ಪಿನಲ್ಲಿಟ್ಟದ್ದು ಎಂಬ ಕಾರಣಕ್ಕೆ ಇದನ್ನು ಅಪ್ಪೆಮಿಡಿ ಉಪ್ಪಿನಕಾಯಿಯ ಬಂಧು ಎಂದು ತಿಳಿಯುವವರಿದ್ದಾರೆ, ಆದರೆ ಒಳಗೆ ನಡೆಯುವ ಕೆಲಸ ಬೇರೆ. ಸಾಗರ, ಹೊಸನಗರದ ಕಡೆ ಮಿಡಿಯನ್ನು ಹೇರಳ ಉಪ್ಪಿನಲ್ಲಿ ಮುಳುಗಿಸಿಡುತ್ತಾರೆ. ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ, ಅಷ್ಟು ಉಪ್ಪಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು, ಹುಳಿಯೆಲ್ಲ ಮಿಡಿಯದೇ ಆಗಿರುತ್ತದೆ. ಕಿಮ್ಚಿಯಲ್ಲಿ ಉಪ್ಪು ತೂಕದ ಶೇಕಡಾ 2ರಿಂದ 3ರಷ್ಟು ಮಾತ್ರ. ಕೊಳೆಸುವ ಜೀವಿಗಳನ್ನು ತಡೆಯಲು, ಲ್ಯಾಕ್ಟಿಕ್ ಆಮ್ಲ ಉಂಟುಮಾಡುವ ಬ್ಯಾಕ್ಟೀರಿಯಾಗಳನ್ನು ಬೆಳೆಯಗೊಡಲು ಅಷ್ಟು ಸಾಕು. ಎಲೆಕೋಸಿಗೆ ಸ್ವಂತ ಹುಳಿಯಿಲ್ಲ, ದೋಸೆಹಿಟ್ಟಿನಲ್ಲಿ ಆಗುವಂತೆ ಹುದುಗು ಅದನ್ನು ಉಂಟುಮಾಡುತ್ತದೆ. ಆದ್ದರಿಂದ ಒಳ್ಳೆಯ ಕಿಮ್ಚಿ ನಾಲಿಗೆಯ ಮೇಲೆ ತುಸು ಚುರುಗುಟ್ಟುತ್ತದೆ. ವಿನಿಗರ್ ಸುರಿದು ಅಂದೇ ಕಲೆಸಿದ್ದರಲ್ಲಿ ಬರೀ ಕಟುವಾದ ಹುಳಿ ಇರುತ್ತದೆ. ಅಪ್ಪೆಹುಳಿ ಕುಡಿದು ಬೆಳೆದವರಿಗೆ ಈ ವ್ಯತ್ಯಾಸ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ.

ಇನ್ನು ಕೆಫೆಗಳ ವಿಷಯ. ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯೆಮನ್‌ನಿಂದ 7 ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಪ್ರತೀತಿ ಇರುವ, ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ, ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹೀಗಿದ್ದೂ ಕೆಫೆಯ ಕಾಫಿ ಮನೆಯ ಕಾಫಿಯಂತೆ ಇರುವುದಿಲ್ಲ ಎಂಬ ದೂರು ಸದಾ ಕೇಳಿಬರುತ್ತದೆ. ವ್ಯತ್ಯಾಸಕ್ಕೆ ಎರಡು ಕಾರಣಗಳಿವೆ. ಮನೆಯ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿ ಸುಮಾರು 9 ಬಾರ್ ಒತ್ತಡದಲ್ಲಿ 18 ಗ್ರಾಂ ಪುಡಿಯ ಮೂಲಕ ನೀರು ಹಾಯ್ದು 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂನಷ್ಟು ಗಟ್ಟಿ ಕಾಫಿ ಇಳಿಯುತ್ತದೆ. ಎರಡನೆಯ ಕಾರಣ ಚಿಕೋರಿ. ನಮ್ಮ ಪುಡಿಯಂಗಡಿಯ ಮಿಶ್ರಣದಲ್ಲಿ ಚಿಕೋರಿ ಇದ್ದರೆ ಡಿಕಾಕ್ಷನ್‌ಗೆ ಮಂದವಾದ ಕಪ್ಪು ಬಣ್ಣ, ಹಾಲಿಗೆ ಒಪ್ಪುವ ಕಹಿ ಬರುತ್ತದೆ. ಕಾನೂನಿನ ಪ್ರಕಾರ ಅಂಥ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ, ಅಂದರೆ ಉಳಿದದ್ದೆಲ್ಲ ಚಿಕೋರಿಯೇ ಆಗಿರಬಹುದು. ಕೆಫೆಯ ಎಸ್ಪ್ರೆಸೊದಲ್ಲಿ ಚಿಕೋರಿ ಇರುವುದಿಲ್ಲ.

ಮೆನುವಿನ ಉಳಿದ ಹೆಸರುಗಳೆಲ್ಲ ಈ ಎಸ್ಪ್ರೆಸೊಗೆ ಎಷ್ಟು ನೀರು, ಎಷ್ಟು ಹಾಲು, ಎಷ್ಟು ನೊರೆ ಎಂಬುದರ ಲೆಕ್ಕ. ನೀರು ಸೇರಿಸಿದರೆ ಅಮೆರಿಕಾನೊ. ಹಾಲು ಕಡಿಮೆ, ನೊರೆ ಹೆಚ್ಚಾದರೆ ಕ್ಯಾಪುಚಿನೊ. ಹಾಲು ಹೆಚ್ಚು, ನೊರೆ ತೆಳುವಾದರೆ ಲಾಟೆ. ಗಟ್ಟಿ ಕಾಫಿಯ ಅಭ್ಯಾಸ ಇರುವವರಿಗೆ ಲಾಟೆ ನೀರಸವೆನಿಸುವುದು ಸಹಜ, ಅವರಿಗೆ ಕ್ಯಾಪುಚಿನೊ ಅಥವಾ ಲಾಟೆಗಿಂತ ಕಡಿಮೆ ಹಾಲಿನ ಫ್ಲಾಟ್ ವೈಟ್ ಮೇಲು. ಹಾಲನ್ನು 60ರಿಂದ 65 ಡಿಗ್ರಿಯಷ್ಟೇ ಕಾಯಿಸುವುದರಿಂದ ಲೋಟ ನಮ್ಮ ಅಭ್ಯಾಸಕ್ಕೆ ಉಗುರುಬೆಚ್ಚಗೆ ಕಾಣುತ್ತದೆ. ಅದಕ್ಕಿಂತ ಹೆಚ್ಚು ಕಾದರೆ ಹಾಲಿನ ಸಿಹಿ ಹೋಗುತ್ತದೆ, ನೊರೆ ಒಡೆಯುತ್ತದೆ. ಬೀಜ ಯಾವ ತೋಟದ್ದು, ಯಾವಾಗ ಹುರಿದದ್ದು ಎಂದು ಕೇಳಿದಾಗ ಉತ್ತರ ಕೊಡಬಲ್ಲ ಕೆಫೆಯನ್ನು ನಾನು ಮೆಚ್ಚುತ್ತೇನೆ. ಬೆಟ್ಟದ ಬುಡದಲ್ಲಿ ಕುಳಿತು ಹೊರದೇಶದ ಪಾನೀಯದ ಬೆಲೆ ಹೇಳುವ ಕೆಫೆಯವರು ಇಷ್ಟನ್ನಾದರೂ ತಿಳಿದಿರಬೇಕು. ಮಕ್ಕಳು ಆಸೆಪಡುವ ಬಬಲ್ ಟೀ 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ್ದು. ಅದರ ತಳದಲ್ಲಿರುವ ಕಪ್ಪು ಮುತ್ತುಗಳು ಮರಗೆಣಸಿನ ಪಿಷ್ಟದವು, ನಮ್ಮ ಸಾಬಕ್ಕಿಯೂ ಅದೇ ಗೆಣಸಿನದು. ಅದರಲ್ಲಿ ಸಕ್ಕರೆ ಬಹಳ, ಚಿಕ್ಕ ಲೋಟ ಸಾಕು.

ಬಿಲ್ಲನ್ನು ಓದುವುದೂ ಊಟದ ಭಾಗವೇ. ಅದರ ಮೇಲೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರಬೇಕು. ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಜಿಎಸ್‌ಟಿ ಶೇಕಡಾ 5. ಸೇವಾ ಶುಲ್ಕವನ್ನು ಗಿರಾಕಿಯ ಒಪ್ಪಿಗೆಯಿಲ್ಲದೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಆ ಸಾಲು ಕಂಡರೆ ತೆಗೆಸಲು ಕೇಳಬಹುದು.

ಹೊಸ ಜಾಗದ ಬಗ್ಗೆ ಒಂದೇ ಭೇಟಿಯಲ್ಲಿ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ಶುರುವಿನ ವಾರಗಳಲ್ಲಿ ಅಡುಗೆಮನೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಎಲ್ಲ ದೇಶಗಳ ಹೆಸರನ್ನೂ ತುಂಬಿದ ಮೆನು ಇದ್ದಲ್ಲಿ ಕೆಲವನ್ನು ಡಬ್ಬಿ ಒಡೆದೇ ಮಾಡಬೇಕಾಗುತ್ತದೆ. ನಮ್ಮಂಥ ಊರುಗಳಲ್ಲಿ ಇಂಥ ಅಡುಗೆಮನೆಗಳಲ್ಲಿ ದುಡಿಯುವ ಬಹಳ ಜನ ನೇಪಾಳ, ಡಾರ್ಜಿಲಿಂಗ್, ಅಸ್ಸಾಂ, ಮಣಿಪುರದ ಕಡೆಯವರು. ಒಬ್ಬರು ಊರಿಗೆ ಹೊರಟುಹೋದರೆ ಅದೇ ಹೆಸರಿನ ಅಡುಗೆಯ ರುಚಿಯೇ ಬದಲಾಗುತ್ತದೆ. ಆದ್ದರಿಂದ ಮಾಡುವವರು ಯಾವ ಕಡೆಯವರು, ಅವರ ಕೈಗೆ ಯಾವುದು ಚೆನ್ನಾಗಿ ಕೂತಿದೆ ಎಂದು ವಿನಯದಿಂದ ವಿಚಾರಿಸಿ ಅದನ್ನೇ ತರಿಸುವುದು ಉತ್ತಮ. ಉದಾಹರಣೆಗೆ, ಬಿದಿರಿನ ಎಳೆ ಮೊಳಕೆಯಲ್ಲಿ ಸಯನೈಡ್ ಉಂಟುಮಾಡುವ ಅಂಶ ಇರುವುದರಿಂದ ನಾವು ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿಡುತ್ತೇವೆ. ಮಣಿಪುರದವರು ಅದನ್ನೇ ಹುದುಗಿಸಿ ಸೊಯ್ಬುಮ್ ಮಾಡುತ್ತಾರೆ, ನೇಪಾಳದವರು ಹುದುಗಿಸಿದ ಕಳಲೆಗೆ ಆಲೂಗಡ್ಡೆ ಸೇರಿಸಿ ಆಲೂ ತಾಮಾ ಎಂಬ ಹುಳಿಸಾರು ಕಾಯಿಸುತ್ತಾರೆ. ಮುಂಗಾರಿನಲ್ಲಿ ಸಂತೆಗೆ ಕಳಲೆ ಬಂದಾಗ ಅದನ್ನು ಅವರಿಂದ ಮಾಡಿಸಿ ಮೆನುವಿಗೆ ಸೇರಿಸುವ ರೆಸ್ಟೋರೆಂಟು ಶಿವಮೊಗ್ಗದಲ್ಲಿ ಗಿರಾಕಿಗಳಿಗಾಗಿ ಹುಡುಕಬೇಕಾಗುವುದಿಲ್ಲ.